ಏಳು ತರಗತಿ, ಐದು ಶಿಕ್ಷಕರು: ಸರ್ಕಾರಿ ಶಾಲೆಯ ಕೆಲಸ ಮರುಜೋಡಿಸುವ ಬಗೆ

ಕರ್ನಾಟಕದ ಒಂದು ಸಾಮಾನ್ಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಲೆಕ್ಕಕ್ಕಾಗಿ ಕಾಗದದ ಮೇಲೆ ಇಟ್ಟುಕೊಳ್ಳೋಣ. ಒಂದರಿಂದ ಏಳರವರೆಗೆ ತರಗತಿ. ಮಕ್ಕಳು 86: ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಮೊದಲ ಮೂರು ತರಗತಿಗಳಲ್ಲಿ 30, ನಾಲ್ಕರಿಂದ ಏಳರವರೆಗೆ 56. ಮುಖ್ಯ ಶಿಕ್ಷಕರೂ ಸೇರಿ ಶಿಕ್ಷಕರು ಐವರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎಂಟು ಅವಧಿ, ಶನಿವಾರ ಐದು, ವಾರಕ್ಕೆ 45. ಏಳು ತರಗತಿಗೂ ಬೇರೆ ಬೇರೆ ಪಾಠ ನಡೆಯಬೇಕೆಂದರೆ 315 ಅವಧಿಗೆ ಶಿಕ್ಷಕರು ಬೇಕು. ಐವರೂ ಒಂದು ಗಳಿಗೆ ಕೂರದೆ ದುಡಿದರೂ ಸಿಗುವುದು 225. ನಲಿ-ಕಲಿಯ ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುವುದರಿಂದ ಗುಂಪುಗಳು ಐದಾಗುತ್ತವೆ, ಬೇಡಿಕೆಯೂ 225ಕ್ಕೆ ಇಳಿಯುತ್ತದೆ. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಒಬ್ಬರಿಗೆ ಜ್ವರ ಬಂದರೆ, ಒಬ್ಬರನ್ನು ತರಬೇತಿಗೆ ಕರೆದರೆ, ಮುಖ್ಯ ಶಿಕ್ಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಆ ದಿನ ಒಂದು ಕೋಣೆ ಖಾಲಿ. ಒಂದಿಷ್ಟೂ ಬಿಡುವಿಲ್ಲದಂತೆ ಹೆಣೆದ ವ್ಯವಸ್ಥೆಯಲ್ಲಿ ಯಾವ ಸಣ್ಣ ಅಡಚಣೆಯೂ ನೇರ ಮಕ್ಕಳ ಪಾಠದ ಮೇಲೆ ಬೀಳುತ್ತದೆ.

ಸರ್ಕಾರಿ ಶಾಲೆ ಸುಧಾರಿಸಬೇಕು ಎಂದಾಗ ಮಾತು ಶುರುವಾಗುವುದು ಶಿಕ್ಷಕರ ಶ್ರದ್ಧೆಯಿಂದ, ಇಲ್ಲವೇ ಕಟ್ಟಡದಿಂದ. ಇಲ್ಲಿ ಹೇಳುತ್ತಿರುವುದು ಬೇರೆ: ಸಮಯ ಹೇಗೆ ಹಂಚಿಕೆಯಾಗಿದೆ, ಯಾವ ತೀರ್ಮಾನ ಯಾರ ಕೈಯಲ್ಲಿದೆ, ಯಾವ ಮಾಹಿತಿ ಯಾರಿಗೆ ಯಾವಾಗ ತಲುಪುತ್ತದೆ ಎನ್ನುವ ಮೂರು ಜೋಡಣೆಗಳನ್ನು ಬದಲಿಸುವುದು. ಹೊಸ ಹುದ್ದೆ, ಹೊಸ ಯೋಜನೆ, ಹೊಸ ಆದೇಶ ಇದಕ್ಕೆ ಬೇಡ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ), ಸಿಆರ್‌ಪಿ (ಹತ್ತಾರು ಶಾಲೆಗಳ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಈ ಮೂವರು ಒಪ್ಪಿದರೆ ಸಾಕು.

ನಿರ್ವಹಣಾ ಶಾಸ್ತ್ರದಿಂದ ಏನು ತರಬಾರದು ಎನ್ನುವುದೂ ಮೊದಲೇ ಸ್ಪಷ್ಟವಿರಲಿ. ಶಾಲೆ ಯಾರನ್ನೂ ನೇಮಿಸುವುದಿಲ್ಲ, ತೆಗೆಯುವುದಿಲ್ಲ. ವರ್ಗಾವಣೆ ಕಾಯ್ದೆಯ ಪ್ರಕಾರ ನಡೆಯುತ್ತದೆ. ಸಂಬಳ ಮೇಲಿನಿಂದ ಬರುತ್ತದೆ. ಹಾಗಾಗಿ ಗುರಿ ಕೊಟ್ಟು ಬಹುಮಾನ, ದಂಡನೆ ಮಾಡುವ ಕಂಪನಿ ಪದ್ಧತಿ ಇಲ್ಲಿ ಅಂಕಿ ಕೆಡಿಸುವುದೊಂದನ್ನೇ ಮಾಡುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ. 2023ರಲ್ಲಿ ಉತ್ತೀರ್ಣರಾದವರು ಶೇ 83.89. ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಅದು ಶೇ 73.40ಕ್ಕೆ ಇಳಿಯಿತು. ಜಿಲ್ಲೆ ಜಿಲ್ಲೆಗೂ ರ‍್ಯಾಂಕ್ ಕಟ್ಟುವ ಅಂಕಿ ಎಷ್ಟು ನಂಬಿಕೆಗೆ ಅರ್ಹ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಧ್ಯೇಯವಾಕ್ಯ ಬರೆದು ಗೋಡೆಗೆ ಹಾಕುವುದು, ವರ್ಷದ ಉತ್ತಮ ಶಿಕ್ಷಕರನ್ನು ಆರಿಸುವುದು ಇವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಎರಡು ವಾರ ಬರೀ ಬರೆದಿಡಿ

ಏನನ್ನೂ ಬದಲಿಸುವ ಮೊದಲು 12 ಕೆಲಸದ ದಿನ ಒಂದು ನೋಟ್‌ಬುಕ್ ಇಡಿ. ಕಾಲಂ ನಾಲ್ಕೇ: ದಿನಾಂಕ, ಎಷ್ಟನೇ ಅವಧಿ, ಎಷ್ಟು ನಿಮಿಷ ಪಾಠ ನಿಂತಿತು, ಯಾಕೆ. ಶಿಕ್ಷಕರ ಹೆಸರು ಬರೆಯಬೇಡಿ. ಹೆಸರಿನ ಕಾಲಂ ಬಂದ ಕೂಡಲೇ ಇದು ಗೈರುಹಾಜರಿ ಹಿಡಿಯುವ ಪುಸ್ತಕವಾಗುತ್ತದೆ, ಆಮೇಲೆ ಅದರಲ್ಲಿ ನಿಜ ಇರುವುದಿಲ್ಲ.

ಎರಡು ವಾರದ ನಂತರ ಕಾರಣಗಳನ್ನು ನಾಲ್ಕು ರಾಶಿ ಮಾಡಿ: ಕಾನೂನು ಒಪ್ಪಿದ್ದು, ಇಲಾಖೆ ಕೇಳಿದ್ದು, ಶಾಲೆಯೇ ಮಾಡಿಕೊಂಡದ್ದು, ರಜೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಲು ಒಪ್ಪುವುದು ಮೂರಕ್ಕೇ: ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಮೊದಲ ರಾಶಿಗೆ ಹೋಗಬೇಕಾದ್ದು ಇವು ಮಾತ್ರ. ಗೊಣಗಾಟವೆಲ್ಲ ಎರಡನೇ ರಾಶಿಯ ಮೇಲೆ ಇರುತ್ತದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಮೂರನೇ ರಾಶಿಯನ್ನು ಕೂಡಿ ನೋಡಿದವರು ಬೆಚ್ಚುವುದು ಹೆಚ್ಚು. ಹತ್ತು ನಿಮಿಷದ ಪ್ರಾರ್ಥನೆ ಇಪ್ಪತ್ತೈದಾಗುವುದು, ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಲೋಟ ತೊಳೆದು ಬರುವಷ್ಟರಲ್ಲಿ ಅರ್ಧ ಅವಧಿ ಮುಗಿಯುವುದು, ಊಟದ ನಂತರದ ಮೊದಲ ಅವಧಿ ತಡವಾಗುವುದು, ಒಂದು ತರಗತಿಯ ಮಕ್ಕಳನ್ನು ಕಾರ್ಯಕ್ರಮದ ಅಭ್ಯಾಸಕ್ಕೆ ಕರೆದು ಉಳಿದವರನ್ನು ಸುಮ್ಮನೆ ಕೂರಿಸುವುದು. ಇವಕ್ಕೆ ಯಾವ ಆದೇಶವೂ ಕಾರಣವಲ್ಲ.

ಇದರ ತೂಕ ತಿಳಿಯಲು ಇನ್ನೊಂದು ಲೆಕ್ಕ. ಆರು, ಏಳನೇ ತರಗತಿಗೆ ಕಾಯ್ದೆ ಹೇಳುವುದು ವರ್ಷಕ್ಕೆ 220 ದಿನ, 1000 ಗಂಟೆ ಬೋಧನೆ. 40 ನಿಮಿಷದ 45 ಅವಧಿ ಎಂದರೆ ವಾರಕ್ಕೆ 30 ಗಂಟೆ, ದಿನಕ್ಕೆ ಸರಾಸರಿ ಐದು. 220 ದಿನಕ್ಕೆ 1100. ಅಂದರೆ ಇಡೀ ವರ್ಷಕ್ಕೆ ಕೈಯಲ್ಲಿರುವ ಹೆಚ್ಚುವರಿ 100 ಗಂಟೆ. ದಿನಕ್ಕೆ 27 ನಿಮಿಷ ಸೋರಿದರೆ ಅದಷ್ಟೂ ಖಾಲಿ. ಮಳೆಗೆ ರಜೆ ಘೋಷಣೆಯಾದ ದಿನಗಳು, ಜಯಂತಿಗಳು, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಇದರ ಮೇಲೆ.

ಕೈ ತೊಳೆಯುವ ನಲ್ಲಿಯಿಂದ ಶುರು ಮಾಡಿ

ಮೊದಲ ಬದಲಾವಣೆ ಸಣ್ಣದಿರಬೇಕು, ಎಲ್ಲರ ಕಣ್ಣಿಗೆ ಕಾಣಬೇಕು, ಯಾರ ಅಹಮ್ಮಿಗೂ ತಾಗಬಾರದು. ಕೈ ತೊಳೆಯುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು.

ಒಂದು ಮಗು ಸೋಪು ಹಚ್ಚಿ ಸರಿಯಾಗಿ ಕೈ ತೊಳೆಯಲು 20 ಸೆಕೆಂಡ್ ಬೇಕು. 86 ಮಕ್ಕಳಿಗೆ ನಲ್ಲಿ ಒಂದೇ ಇದ್ದರೆ 29 ನಿಮಿಷ. ಹಾಗಾಗಿ ಆಗುವುದು ಎರಡರಲ್ಲಿ ಒಂದು: ಮಕ್ಕಳು ತೊಳೆಯದೆ ಊಟಕ್ಕೆ ಕೂರುತ್ತಾರೆ, ಇಲ್ಲವೇ ಮಧ್ಯಾಹ್ನದ ಮೊದಲ ಪಾಠ ಹೋಗುತ್ತದೆ. ಹತ್ತು ನಲ್ಲಿ ಹಾಕಿದರೆ ಒಂಬತ್ತು ಸರದಿ, ಮೂರು ನಿಮಿಷ. ಒಂದು ಇಂಚಿನ ಪಿವಿಸಿ ಪೈಪನ್ನು ಗೋಡೆಗುಂಟ ಐದು ಮೀಟರ್ ಎಳೆದು ಅರ್ಧರ್ಧ ಮೀಟರಿಗೆ ಒಂದೊಂದು ನಲ್ಲಿ ಕೂರಿಸಿ. ಎತ್ತರ ಚಿಕ್ಕ ಮಕ್ಕಳಿಗೆ 60 ಸೆಂಟಿಮೀಟರ್, ದೊಡ್ಡವರಿಗೆ 75. ಎರಡು ಎತ್ತರ ಬೇಕಾದರೆ ಪೈಪನ್ನು ಎರಡು ತುಂಡು ಮಾಡಿ. ಪೈಪಿನ ತುದಿ ಮುಚ್ಚಳ ಅಂಟಿಸದೆ ತಿರುಪಿನದ್ದಾಗಿರಲಿ, ಕೆಸರು ಕಟ್ಟಿದಾಗ ತೆರೆದು ತೊಳೆಯಬಹುದು. ಟ್ಯಾಂಕಿನಿಂದ ಬರುವ ಪೈಪು ಅರ್ಧ ಇಂಚಿನದ್ದಾದರೆ ಕೊನೆಯ ಮೂರು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಆ ಪೈಪೂ ಒಂದು ಇಂಚಿನದ್ದೇ ಇರಬೇಕು. ಕೆಳಗೆ ಮೋರಿ ಇಲ್ಲದೆ ನಲ್ಲಿ ಹಾಕಿದರೆ ಹದಿನೈದು ದಿನದಲ್ಲಿ ಕೆಸರಾಗಿ ಯಾರೂ ಹತ್ತಿರ ಸುಳಿಯುವುದಿಲ್ಲ. ಆ ನೀರು ಕೈತೋಟಕ್ಕೆ ಹರಿಯಲಿ.

ಸರದಿಯಲ್ಲಿ ಎಲ್ಲಿ ಜನ ನಿಲ್ಲುತ್ತಾರೋ ಅಲ್ಲೇ ಇಡೀ ಕೆಲಸದ ವೇಗ ನಿರ್ಧಾರವಾಗುತ್ತದೆ. ಬೇರೆಲ್ಲಿ ಎಷ್ಟು ಚುರುಕು ಮಾಡಿದರೂ ಪ್ರಯೋಜನವಿಲ್ಲ. ಬಡಿಸುವ ಜಾಗವನ್ನೂ ಹಾಗೆಯೇ ನೋಡಿ: ಅನ್ನದ ಪಾತ್ರೆ ಒಂದೇ ಕಡೆ ಇದ್ದರೆ ಸಾಲು ಒಂದು, ಎರಡು ಕಡೆ ಇಟ್ಟರೆ ನಿಲ್ಲುವ ಹೊತ್ತು ಅರ್ಧ.

ವೇಳಾಪಟ್ಟಿಯಲ್ಲಿ ಬಿಡುವು ಹುಟ್ಟಿಸುವುದು

ಇದು ಮುಖ್ಯ ಕೆಲಸ. ನಾಲ್ಕು ಮತ್ತು ಐದನೇ ತರಗತಿಯನ್ನು ದೈಹಿಕ ಶಿಕ್ಷಣಕ್ಕೆ 4, ಚಿತ್ರಕಲೆ ಮತ್ತು ಕಾರ್ಯಾನುಭವಕ್ಕೆ 3, ಗ್ರಂಥಾಲಯಕ್ಕೆ 2, ಹೀಗೆ ವಾರಕ್ಕೆ ಒಂಬತ್ತು ಅವಧಿ ಒಟ್ಟಿಗೆ ಸೇರಿಸಿ. ಆರು, ಏಳನ್ನೂ ಹಾಗೆಯೇ. 18 ಅವಧಿ ಉಳಿಯಿತು. ಬೇಡಿಕೆ 207ಕ್ಕೆ ಇಳಿಯಿತು. ಗಣಿತ, ವಿಜ್ಞಾನ, ಭಾಷೆ ಯಾವುದನ್ನೂ ಮುಟ್ಟಿಲ್ಲ.

ಈ 18ನ್ನೂ ಮುಖ್ಯ ಶಿಕ್ಷಕರೇ ಇಟ್ಟುಕೊಂಡರೆ ಉಳಿದ ನಾಲ್ವರು ಮೊದಲ ವಾರವೇ ತಿರುಗಿಬೀಳುತ್ತಾರೆ, ಬೀಳಬೇಕು ಕೂಡ. ಹತ್ತು ಮುಖ್ಯ ಶಿಕ್ಷಕರಿಗೆ, ತಲಾ ಎರಡು ಉಳಿದವರಿಗೆ. ಆಗ ಮುಖ್ಯ ಶಿಕ್ಷಕರ ಬೋಧನೆ 35 ಅವಧಿ, ಉಳಿದವರದ್ದು 43. ನಲಿ-ಕಲಿ ಶಿಕ್ಷಕಿಗೂ ಎರಡು ಬಿಡುವು ಸಿಗಲೇಬೇಕು. ಆ ಎರಡು ಅವಧಿ ಬೇರೆಯವರು ಆ ಕೋಣೆಗೆ ಹೋಗುವುದರಿಂದ ಇನ್ನೊಂದು ಲಾಭ, ಆಕೆ ರಜೆ ಹಾಕಿದ ದಿನ ಆ ಕೋಣೆ ನಡೆಸಬಲ್ಲ ಇನ್ನೊಬ್ಬರು ತಯಾರಾಗುತ್ತಾರೆ.

ಮುಖ್ಯ ಶಿಕ್ಷಕರ ಹತ್ತರಲ್ಲಿ ನಾಲ್ಕು ಪಾಠ ವೀಕ್ಷಣೆಗೆ, ಆರು ಕಾಯ್ದಿರಿಸಿದ್ದು. ಈ ಆರು ದಿನಕ್ಕೊಂದರಂತೆ, ಯಾರಾದರೂ ಬಾರದ ದಿನ ಆ ಕೋಣೆಗೆ ಹೋಗಲು. ಎಲ್ಲರೂ ಬಂದ ದಿನ ಮಾತ್ರ ಅದು ಕಡತಕ್ಕೆ. ಇಲ್ಲಿ ತಪ್ಪುವುದು ಹೀಗೆ: ಕಾಯ್ದಿರಿಸಿದ ಅವಧಿಯನ್ನು ವೇಳಾಪಟ್ಟಿಯಲ್ಲಿ ಬರೆಯದೆ ಬಾಯಿಮಾತಿನಲ್ಲಿ ಇಟ್ಟುಕೊಳ್ಳುತ್ತಾರೆ. ಬರೆಯದ ಬಿಡುವನ್ನು ಕಚೇರಿ ಕೆಲಸ ಎರಡೇ ವಾರದಲ್ಲಿ ನುಂಗುತ್ತದೆ. ‘ಬದಲಿ’ ಎಂದು ಪಟ್ಟಿಯಲ್ಲಿ ಬರೆಯಿರಿ, ಗೋಡೆಗೆ ಹಾಕಿ.

ಹಿರಿಯ ಪ್ರಾಥಮಿಕ ಹಂತದಲ್ಲಿ 100 ಮಕ್ಕಳು ದಾಟಿದರೆ ಮಾತ್ರ ಪೂರ್ಣಾವಧಿ ಮುಖ್ಯ ಶಿಕ್ಷಕರು ಎನ್ನುತ್ತದೆ ಕಾಯ್ದೆಯ ಅನುಸೂಚಿ. ಅಂದರೆ ಚಿಕ್ಕ ಶಾಲೆಗಳಲ್ಲಿ ಅವರು ಶಿಕ್ಷಕರೂ ಹೌದು, ಗುಮಾಸ್ತರೂ ಹೌದು, ಅಕ್ಕಿ-ಬೇಳೆಯ ಲೆಕ್ಕಿಗರೂ ಹೌದು. ಪ್ರಭಾರಿ ಮುಖ್ಯ ಶಿಕ್ಷಕರಾದರೆ ಅಧಿಕಾರದ ಭರವಸೆಯೂ ಇಲ್ಲ. ನಾಯಕತ್ವದ ತರಬೇತಿ ಕೊಡುವ ಮೊದಲು ಇವರಿಗೆ ವಾರಕ್ಕೆ ಹತ್ತು ಅವಧಿ ಕೊಡಬೇಕು. ಸಮಯ ಇಲ್ಲದವರಿಗೆ ಕೊಟ್ಟ ತರಬೇತಿ ಫೈಲಿನಲ್ಲೇ ಉಳಿಯುತ್ತದೆ.

ಅತಿಥಿ ಶಿಕ್ಷಕರು ಬೇಕೆಂದು ಬಿಇಒ ಕಚೇರಿಗೆ ಬರೆಯುವಾಗಲೂ ಈ ಲೆಕ್ಕವೇ ಕೆಲಸಕ್ಕೆ ಬರುತ್ತದೆ. ‘ಶಿಕ್ಷಕರ ಕೊರತೆ ಇದೆ’ ಎನ್ನುವ ಅರ್ಜಿ ನೂರರ ಜೊತೆ ನೂರೊಂದಾಗುತ್ತದೆ. ವೇಳಾಪಟ್ಟಿ, ತರಗತಿವಾರು ದಾಖಲಾತಿ, ಖಾಲಿ ಹುದ್ದೆಯ ವಿಷಯ, ಯಾವ ಅವಧಿಗಳಿಗೆ ಯಾರೂ ಇಲ್ಲ ಎನ್ನುವ ಪಟ್ಟಿ, ಎಸ್‌ಡಿಎಂಸಿ ಠರಾವು ಈ ಐದನ್ನೂ ಲಗತ್ತಿಸಿದ ಅರ್ಜಿಯನ್ನು ಬದಿಗೆ ಸರಿಸುವುದು ಅಷ್ಟು ಸುಲಭವಲ್ಲ.

ಕಲಿಕೆಯ ಅಳತೆ: ಮಗುವಿಗೆ ನಾಲ್ಕು ನಿಮಿಷ

ಐದನೇ ತರಗತಿಯ ಪುಸ್ತಕ ಹಿಡಿದು ಕೂತ ಮಕ್ಕಳೆಲ್ಲ ಐದನೇ ತರಗತಿಯ ಮಟ್ಟದಲ್ಲಿ ಓದುವುದಿಲ್ಲ. ಇದು ಎಲ್ಲ ಶಿಕ್ಷಕರಿಗೂ ಗೊತ್ತು. ಯಾರು ಎಲ್ಲಿದ್ದಾರೆ ಎಂಬುದು ಮಾತ್ರ ಬರಹದಲ್ಲಿ ಇರುವುದಿಲ್ಲ. ಮನೆಮನೆಗೆ ಹೋಗಿ ಮಕ್ಕಳ ಓದು, ಗಣಿತ ಅಳೆಯುವ ಅಸರ್ ಸಮೀಕ್ಷೆ 2005ರಿಂದ ಬಳಸುತ್ತಿರುವ ಮೌಖಿಕ ವಿಧಾನವೇ ಸಾಕು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಪ್ಯಾರಾದಿಂದ ಆರಂಭಿಸಿ, ಓದಿದರೆ ಕಥೆ ಕೊಡಿ, ತಡವರಿಸಿದರೆ ಪದಕ್ಕೆ, ಅಲ್ಲೂ ಆಗದಿದ್ದರೆ ಅಕ್ಷರಕ್ಕೆ ಇಳಿಯಿರಿ. ಗಣಿತಕ್ಕೆ ಸಂಖ್ಯೆ ಗುರುತಿಸುವುದು, ಎರಡಂಕಿ, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಓದಿಗೆ ಮಗುವೊಂದಕ್ಕೆ ನಾಲ್ಕು ನಿಮಿಷ ಹಿಡಿದರೆ 56 ಮಕ್ಕಳಿಗೆ 224 ನಿಮಿಷ. ಇಬ್ಬರು ಹಂಚಿಕೊಂಡರೆ ತಲಾ ಎರಡು ಗಂಟೆಯೊಳಗೆ ಮುಗಿಯುತ್ತದೆ. ತಮ್ಮ ತರಗತಿಯ ಮಕ್ಕಳನ್ನು ತಾವೇ ಪರೀಕ್ಷಿಸಬೇಡಿ, ಅದಲು ಬದಲು ಮಾಡಿಕೊಳ್ಳಿ. ಪರಿಚಿತ ಮಗುವಿಗೆ ಗೊತ್ತಾಗದಂತೆ ಸುಳಿವು ಕೊಟ್ಟುಬಿಡುತ್ತೇವೆ.

ನಂತರ ದಿನಕ್ಕೊಂದು ಅವಧಿ ತರಗತಿಗಳನ್ನು ಮುರಿದು ಮಟ್ಟದ ಪ್ರಕಾರ ಗುಂಪು ಮಾಡಿ. ನಾಲ್ಕರಿಂದ ಏಳರವರೆಗೆ ನಾಲ್ವರು ಶಿಕ್ಷಕರು ಹೇಗೂ ನಾಲ್ಕು ಕೋಣೆಯಲ್ಲಿ ಇರುತ್ತಾರೆ. ಗುಂಪುಗಳೂ ನಾಲ್ಕು, ಹೆಚ್ಚುವರಿ ಜನ ಬೇಡ. ಅಕ್ಷರ ಗುಂಪಿನಲ್ಲಿ 12ಕ್ಕಿಂತ ಹೆಚ್ಚು ಮಕ್ಕಳು ಬೇಡ. ಕಥೆ ಓದುವವರು 20 ಇದ್ದರೂ ನಡೆಯುತ್ತದೆ. ಹಿಂದುಳಿದ ಮಕ್ಕಳಿಗಾಗಿ ನಡೆದ ಓದು ಕರ್ನಾಟಕ, ಮರುಸಿಂಚನದಂಥ ಕಾರ್ಯಕ್ರಮಗಳಲ್ಲಿ ಕೊಟ್ಟ ಸಾಮಗ್ರಿ ಶಾಲೆಯ ಬೀರುವಿನಲ್ಲಿ ಇದ್ದರೆ ಅದನ್ನೇ ಬಳಸಿ.

ಎಷ್ಟನೇ ಅವಧಿ? ಮೊದಲನೆಯದು ಬೇಡ, ಪ್ರಾರ್ಥನೆ ಅದನ್ನು ಕೊರೆಯುತ್ತದೆ, ತಡವಾಗಿ ಬರುವ ಮಕ್ಕಳೇ ಸಾಮಾನ್ಯವಾಗಿ ಅಕ್ಷರ ಗುಂಪಿನವರು. ಹಾಲಿನ ಹೊತ್ತಿಗೆ ತಾಗಿದ್ದೂ ಬೇಡ, ಊಟದ ನಂತರದ್ದೂ ಬೇಡ. ಉಳಿಯುವುದು ಎರಡು ಅಥವಾ ಮೂರನೇ ಅವಧಿ. ವಾರಕ್ಕೆ ಐದು ದಿನ, 200 ನಿಮಿಷ. ಮೂರು ದಿನ ಓದು, ಎರಡು ದಿನ ಗಣಿತ.

ಇದು ಕೆಡುವ ದಾರಿಗಳು ಗೊತ್ತಿರುವಂಥವೇ. ಅಕ್ಷರ ಗುಂಪನ್ನು ಹೊಸಬರಿಗೆ ಅಥವಾ ಅತಿಥಿ ಶಿಕ್ಷಕರಿಗೆ ಕಟ್ಟುತ್ತಾರೆ. ಅದಕ್ಕೆ ಬೇಕಾದವರು ಶಾಲೆಯ ಅತ್ಯಂತ ಅನುಭವಿ. ಏಳನೇ ತರಗತಿಯ ಹುಡುಗ ನಾಲ್ಕನೆಯವರ ಜೊತೆ ಕೂರಲು ನಾಚುತ್ತಾನೆ. ಗುಂಪಿಗೆ ನದಿಗಳ ಹೆಸರಿಡಿ, ಅವನಿಗೆ ಚಿಕ್ಕವರಿಗೆ ಓದಿಸುವ ಕೆಲಸವನ್ನೂ ಕೊಡಿ. ಎಲ್ಲಕ್ಕಿಂತ ದೊಡ್ಡ ಅಪಾಯ ಗುಂಪುಗಳು ಹಾಗೇ ಉಳಿದುಬಿಡುವುದು. ಆರು ವಾರಕ್ಕೊಮ್ಮೆ ಮತ್ತೆ ಪರೀಕ್ಷಿಸಿ, ಮೇಲೆ ಹೋದವರನ್ನು ಅಂದೇ ಕಳಿಸಿ. ಎರಡು ಸುತ್ತು ಮೇಲೇರದ ಮಗುವಿನ ಕಣ್ಣು, ಕಿವಿ ತೋರಿಸಿ, ಹಾಜರಿ ನೋಡಿ, ಮನೆಯ ಮಾತು ಯಾವುದೆಂದು ಕೇಳಿ. ಲಂಬಾಣಿ, ಉರ್ದು, ತೆಲುಗು, ತುಳು ಮನೆಮಾತಿನ ಮಗುವಿಗೆ ಅಕ್ಷರಕ್ಕಿಂತ ಮೊದಲು ಕನ್ನಡದ ಮಾತು ಬೇಕಿರಬಹುದು.

ಫಲಿತಾಂಶದ ಪಟ್ಟಿ ಸಿಬ್ಬಂದಿ ಕೋಣೆಯೊಳಗೇ ಇರಲಿ. ಪ್ರತಿ ಮಗುವಿಗೊಂದು ಚೀಟಿ, ಮಟ್ಟಕ್ಕೊಂದರಂತೆ ನಾಲ್ಕು ಕಾಲಂಗಳ ಹಲಗೆ, ಮಟ್ಟ ಬದಲಾದಾಗ ಚೀಟಿ ಸರಿಸುವುದು, ಅಷ್ಟೇ. ತರಗತಿಯ ಗೋಡೆಗೆ ಹಾಕಿದರೆ ಮಗುವಿಗೆ ಅವಮಾನ. ಮೇಲಧಿಕಾರಿಗೆ ಶಿಕ್ಷಕರನ್ನು ಅಳೆಯಲು ಕೊಟ್ಟರೆ ಮುಂದಿನ ಸುತ್ತಿನಲ್ಲಿ ಎಲ್ಲ ಮಕ್ಕಳೂ ಕಥೆ ಓದುತ್ತಾರೆ, ಕಾಗದದ ಮೇಲೆ. ಕೆಲಸ ಕಲಿಯಲು ಬಳಸುವ ಅಳತೆಯನ್ನೂ ಲೆಕ್ಕ ಒಪ್ಪಿಸಲು ಬಳಸುವ ಅಳತೆಯನ್ನೂ ಬೇರೆ ಬೇರೆ ಇಡದ ಕಡೆ ಎರಡೂ ಹಾಳಾಗುತ್ತವೆ.

ತರಗತಿ ಎನ್ನುವ ಗೋಡೆಯನ್ನು ಒಡೆಯುವುದು ನಮ್ಮ ಶಾಲೆಗಳಿಗೆ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಶಿಕ್ಷಕರು ಕಟ್ಟಿದ ನಲಿ-ಕಲಿ ಮಾಡಿದ್ದೂ ಅದನ್ನೇ: ಪಾಠಪುಸ್ತಕದ ಬದಲು ಮೈಲಿಗಲ್ಲು ಮತ್ತು ಕಾರ್ಡು, ಮೂರು ತರಗತಿಗೆ ಒಂದೇ ಕೋಣೆ, ಮಗು ತನ್ನ ಮೆಟ್ಟಿಲಿನಿಂದ ಮುಂದಕ್ಕೆ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬಂದಾಗ ಕಾರ್ಡು, ತಟ್ಟೆ, ಕಲಿಕೆಯ ಹಂತ ತೋರಿಸುವ ಏಣಿ ಬಂದವು. ತಾವೇ ಕಟ್ಟಿದ ವಿಧಾನ ಎನ್ನುವ ಭಾವ ಎಲ್ಲ ಕಡೆ ಬರಲಿಲ್ಲ. ಇವತ್ತು ಒಂದು ನಲಿ-ಕಲಿ ಕೋಣೆ ಸರಿಯಿದೆಯೇ ಎಂದು ತಿಳಿಯಲು ಎರಡು ನೋಡಿ: ಕಾರ್ಡಿನ ತಟ್ಟೆಯಲ್ಲಿ ಲೋಗೋವಾರು (ಗುರುತುಚಿತ್ರದ ಪ್ರಕಾರ) ಎಲ್ಲ ಕಾರ್ಡು ಇವೆಯೇ, ಮಕ್ಕಳ ಮುನ್ನಡೆ ಗುರುತಿಸುವ ಪ್ರಗತಿ ನೋಟದಲ್ಲಿ ಮಕ್ಕಳು ಬೇರೆ ಬೇರೆ ಮೈಲಿಗಲ್ಲಿನಲ್ಲಿ ಇದ್ದಾರೆಯೇ. ಎಲ್ಲರೂ ಒಂದೇ ಮೈಲಿಗಲ್ಲಿನಲ್ಲಿ ಇದ್ದರೆ ಅಲ್ಲಿ ನಡೆಯುತ್ತಿರುವುದು ಹಳೆಯ ಪಾಠವೇ. ಕಳೆದ ಕಾರ್ಡನ್ನು ಕೈಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಲು ಅನುಮತಿ ಕಾಯಬೇಕಿಲ್ಲ.

‘ತುರ್ತು ಮಾಹಿತಿ’ಗೆ ಒಂದು ಕಟ್ಟೆ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ‘ಮಧ್ಯಾಹ್ನ ಎರಡರೊಳಗೆ ಕಳಿಸಿ’ ಎಂದು ಬರುವ ಬಹುಪಾಲು ಮಾಹಿತಿ ಶಾಲೆ ಮೊದಲೇ ಯುಡೈಸ್‌ನಲ್ಲೋ (ಶಾಲೆಗಳ ಮಾಹಿತಿ ಪೋರ್ಟಲ್) ಸ್ಯಾಟ್ಸ್‌ನಲ್ಲೋ (ವಿದ್ಯಾರ್ಥಿಗಳ ಮಾಹಿತಿ ಪೋರ್ಟಲ್) ಕೊಟ್ಟದ್ದೇ ಆಗಿರುತ್ತದೆ. ಕೇಳುವುದನ್ನು ನಿಲ್ಲಿಸಲು ಶಾಲೆಯಿಂದ ಆಗದು. ಉತ್ತರದ ವೆಚ್ಚ ಇಳಿಸಬಹುದು.

ಒಂದೇ ಹಾಳೆಯಲ್ಲಿ ಇವು ಇರಲಿ: 11 ಅಂಕಿಯ ಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ), ತರಗತಿ-ಲಿಂಗ-ವರ್ಗವಾರು ದಾಖಲಾತಿ, ವಿಶೇಷ ಅಗತ್ಯವುಳ್ಳ ಮಕ್ಕಳು, ಶಿಕ್ಷಕರ ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಸಂಖ್ಯೆ ಮತ್ತು ಸೇವೆಗೆ ಸೇರಿದ ದಿನ, ಖಾಲಿ ಹುದ್ದೆ, ಕೊಠಡಿ-ಶೌಚಾಲಯ-ನಲ್ಲಿಗಳ ಎಣಿಕೆ, ಬ್ಯಾಂಕ್ ಖಾತೆ ವಿವರ, ಅಡುಗೆ ಸಿಬ್ಬಂದಿ, ಅಕ್ಕಿ-ಬೇಳೆ-ಎಣ್ಣೆ-ಹಾಲಿನ ಪುಡಿಯ ದಾಸ್ತಾನು. ಪ್ರತಿ ತಿಂಗಳ ಒಂದನೇ ತಾರೀಕು ತಿದ್ದಿ, ಫೋಟೊ ತೆಗೆದು ಇಟ್ಟುಕೊಳ್ಳಿ. ಉತ್ತರ ಕಳಿಸುವ ಹೊತ್ತು ದಿನದ ಕೊನೆಯ ಅವಧಿಯ ನಂತರ ಮಾತ್ರ. ಅಪವಾದಕ್ಕೆ ಒಂದೇ ಪ್ರಶ್ನೆ: ಈ ಉತ್ತರ ಸಂಜೆ ಹೋದರೆ ಯಾವುದಾದರೂ ಮಗುವಿಗೆ ತೊಂದರೆಯೇ?

ಈ ಕೆಲಸ ವರ್ಷಕ್ಕೆ ಒಬ್ಬರದ್ದೇ, ಜೊತೆಗೊಬ್ಬರು ಬದಲಿ. ತಿಂಗಳಿಗೊಬ್ಬರಂತೆ ಸರದಿ ಹಾಕಿದರೆ ನ್ಯಾಯವಾಗಿ ಕಾಣುತ್ತದೆ, ಆದರೆ ಪಾಸ್‌ವರ್ಡು ಯಾರ ಹತ್ತಿರ ಎಂಬುದೇ ಒಂದು ತನಿಖೆಯಾಗುತ್ತದೆ. ಇನ್ನೊಂದು ಸಣ್ಣ ವಿಷಯ, ದೊಡ್ಡ ಕಿರಿಕಿರಿ: ಪೋರ್ಟಲ್‌ಗಳ ಒಟಿಪಿ ವರ್ಗವಾಗಿ ಹೋದ ಶಿಕ್ಷಕರ ಫೋನಿಗೆ ಬರುವುದು. ಶಾಲೆಯ ಹೆಸರಿನಲ್ಲಿ ಒಂದು ಸಿಮ್, ಹಳೆಯದೊಂದು ಫೋನ್ ಸಾಕು. ಅದು ಬೀರುವಿನಲ್ಲಿ ಇರಲಿ, ಯಾರ ಜೇಬಿನಲ್ಲೂ ಬೇಡ.

ಸಿಆರ್‌ಪಿ ಹುದ್ದೆ ಇರುವುದು ಶೈಕ್ಷಣಿಕ ಬೆಂಬಲಕ್ಕೆ. ನಡೆಯುವುದು ಟಪಾಲು ಕೆಲಸ. ಬಿಇಒ ಒಬ್ಬರ ಕೆಳಗೆ ನೂರಾರು ಶಾಲೆಗಳಿರುವಾಗ ಕಚೇರಿಗೆ ಅಂಕಿ ಬೇಕು, ಆ ಅಂಕಿ ತರುವವರು ಇವರೇ. ಕ್ಲಸ್ಟರಿನಲ್ಲಿ 12 ಶಾಲೆ ಇದ್ದರೆ ಎಲ್ಲಕ್ಕೂ ಸಮನಾಗಿ ಅರ್ಧರ್ಧ ಗಂಟೆ ಹೋಗಿ ಸಹಿ ಹಾಕಿ ಬರುವ ಬದಲು ಒಂದು ಅರ್ಧವಾರ್ಷಿಕ ಅವಧಿಗೆ ನಾಲ್ಕು ಶಾಲೆ ಆರಿಸಿ, ಅವಕ್ಕೆ ತಿಂಗಳಿಗೆ ಮೂರು ಅರ್ಧ ದಿನ, ಉಳಿದ ಎಂಟಕ್ಕೆ ಒಂದೊಂದು. ಒಟ್ಟು 20 ಅರ್ಧ ದಿನ. ಉಳಿದ ಹೊತ್ತು ಕಚೇರಿಗೆ. ಯಾವ ನಾಲ್ಕು ಎನ್ನುವುದನ್ನು ಬಿಇಒ ಅವರಿಂದ ಬರಹದಲ್ಲಿ ಒಪ್ಪಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಪ್ರಗತಿ ಪರಿಶೀಲನಾ ಸಭೆಯಲ್ಲೇ ‘ಉಳಿದ ಶಾಲೆಗೆ ಯಾಕೆ ಹೋಗಿಲ್ಲ’ ಎಂದು ಕೇಳುತ್ತಾರೆ.

ಶನಿವಾರದ ನಲವತ್ತು ನಿಮಿಷ

ಐದು ಅವಧಿ ಮುಗಿದ ಮೇಲೆ ಐವರೂ ಕೂರಿ. ಪ್ರತಿಯೊಬ್ಬರೂ ತಮ್ಮ ಮಕ್ಕಳ ಎರಡು ನೋಟ್‌ಬುಕ್ ತರಬೇಕು: ಒಂದು ಮುಂದಿದ್ದವರದ್ದು, ಒಂದು ಹಿಂದುಳಿದವರದ್ದು. ಮಾತು ಆ ನೋಟ್‌ಬುಕ್ಕುಗಳ ಮೇಲೆ. ಸುತ್ತೋಲೆ ಓದುವುದು, ಕಾರ್ಯಕ್ರಮದ ತಯಾರಿ ಈ ಸಭೆಗೆ ಬರಬಾರದು. ಅವಕ್ಕೆ ನಿಂತುಕೊಂಡೇ ಐದು ನಿಮಿಷ ಸಾಕು. ಕೊನೆಗೆ ಮುಂದಿನ ಮೂರು ವಾರ ಪ್ರಯತ್ನಿಸುವ ಒಂದೇ ಒಂದು ಬದಲಾವಣೆ ಬರೆಯಿರಿ, ಅದು ಫಲಿಸಿತೇ ಎಂದು ಹೇಗೆ ತಿಳಿಯುತ್ತದೆ ಎನ್ನುವುದನ್ನೂ. ಮೂರು ವಾರಕ್ಕೆ ಉಳಿಸಿ ಅಥವಾ ಕೈಬಿಡಿ. ಕೈಬಿಟ್ಟದ್ದನ್ನೂ ದಾಖಲಿಸಿ. ಎರಡು ವರ್ಷದ ನಂತರ ಅದೇ ಯೋಚನೆಯನ್ನು ಯಾರಾದರೂ ಹೊಸದೆಂದು ತಂದೇ ತರುತ್ತಾರೆ.

ಮುಖ್ಯ ಶಿಕ್ಷಕರ ವೀಕ್ಷಣೆ 20 ನಿಮಿಷ ಸಾಕು. ಶಿಕ್ಷಕರು ಏನು ಮಾಡಿದರು ಎಂದು ಬರೆಯಬೇಡಿ. ಐದು ನಿಮಿಷಕ್ಕೊಮ್ಮೆ ಹಿಂದಿನ ಸಾಲಿನ ಮೂರು ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಬರೆಯಿರಿ. ಅದೇ ದಿನ, ಅದೇ ಮೂರು ಮಕ್ಕಳ ಬಗ್ಗೆ ಮಾತಾಡಿ. ತಪಾಸಣೆಯ ಭಯ ಅರ್ಧ ಇಳಿಯುವುದು ಇಷ್ಟರಿಂದಲೇ.

ಎಸ್‌ಡಿಎಂಸಿ: ಯಾವುದು ಯಾರ ಕೈಯಲ್ಲಿ

ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು. ಶಾಲಾ ಅಭಿವೃದ್ಧಿ ಯೋಜನೆ ಮಾಡುವ ಹೊಣೆಯೂ ಇವರದ್ದೇ. ಸಭೆಗಳು ಸೋಲುವುದು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ: ಶಿಕ್ಷಕರ ವರ್ಗಾವಣೆ, ಹೊಸ ಕಟ್ಟಡ ಎಂದು ಸಮಿತಿಯ ಕೈಯಲ್ಲಿ ಇಲ್ಲದ್ದರ ಮೇಲೆ ಒಂದೂವರೆ ಗಂಟೆ, ಕೈಯಲ್ಲಿ ಇರುವುದರ ಮೇಲೆ ಹತ್ತು ನಿಮಿಷ.

ವರ್ಷದ ಮೊದಲ ಸಭೆಯಲ್ಲಿ ಒಂದು ಚಾರ್ಟ್ ಬರೆಯಿರಿ. ವೇಳಾಪಟ್ಟಿ, ಗುಂಪು, ಯಾರಿಗೆ ಯಾವ ತರಗತಿ: ಮುಖ್ಯ ಶಿಕ್ಷಕರ ತೀರ್ಮಾನ, ಸಮಿತಿಗೆ ತಿಳಿಸಿದರೆ ಸಾಕು. ಅನುದಾನದ ಖರ್ಚು, ದುರಸ್ತಿ, ಊಟದ ಗುಣಮಟ್ಟದ ಮೇಲ್ವಿಚಾರಣೆ, ಸತತ ಗೈರಾಗುವ ಮಗುವಿನ ಮನೆಗೆ ಹೋಗುವುದು: ಸಮಿತಿಯ ತೀರ್ಮಾನ. ಹುದ್ದೆ, ಕಟ್ಟಡ, ಪಠ್ಯ: ಮೇಲಿನದ್ದು, ಇಲ್ಲಿಂದ ಹೋಗುವುದು ಠರಾವು ಮಾತ್ರ. ಪ್ರತಿ ಸಭೆಯಲ್ಲಿ ಮೂರನೆಯದಕ್ಕೆ ಕೊನೆಯ 15 ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಸಭೆ ಮಧ್ಯಾಹ್ನ ಮೂರಕ್ಕೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಬರುವುದಿಲ್ಲ. ಸಹಿ ಮಾತ್ರ ಮನೆಗೆ ಹೋಗಿ ಬರುತ್ತದೆ. ಸಂಜೆ ಆರೂವರೆಗೆ ಇಡಿ. ಮುಂದಿಡಬೇಕಾದ ಅಂಕಿ ಮೂರು: ತಿಂಗಳ ಸರಾಸರಿ ಹಾಜರಿ, ನಾಲ್ಕು ಮಟ್ಟಗಳಲ್ಲಿ ಎಷ್ಟೆಷ್ಟು ಮಕ್ಕಳು (ಹೆಸರಿಲ್ಲದೆ), ಖಾತೆಯಲ್ಲಿ ಎಷ್ಟು ಹಣ.

ಹಣದ ವಿಷಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಸಿಗುವ ವಾರ್ಷಿಕ ಅನುದಾನ 31ರಿಂದ 100 ಮಕ್ಕಳಿಗೆ 25,000 ರೂಪಾಯಿ, 101ರಿಂದ 250ಕ್ಕೆ 50,000. ಕನಿಷ್ಠ ಶೇ 10 ಸ್ವಚ್ಛತೆಗೆ. ನಮ್ಮ ಶಾಲೆಗೆ 25,000, ಅದರಲ್ಲಿ 2,500 ಸ್ವಚ್ಛತೆಗೆ ಮೀಸಲು. ಹಣ ತಡವಾಗಿ, ಕಂತಾಗಿ ಬರುತ್ತದೆ. ಮಾರ್ಚಿನಲ್ಲಿ ಗಡಿಬಿಡಿಯ ಖರೀದಿಯಾಗಿ ಹೋಗುತ್ತದೆ. ತಪ್ಪಿಸುವ ದಾರಿ: ಜೂನ್‌ನಲ್ಲೇ ಆದ್ಯತೆಯ ಪಟ್ಟಿಗೆ ಠರಾವು, ಆಗಸ್ಟ್ ಒಳಗೆ ದರಪಟ್ಟಿಗಳು, ಹಣ ಬಂದ ವಾರವೇ ಕೆಲಸ. ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಬೇಡ. ನೀರು ಮತ್ತು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು-ಚಿಲಕ ಮೊದಲು, ಬಣ್ಣ ಕೊನೆಗೆ. ಗೋಡೆಗೆ ರೈಲಿನ ಚಿತ್ರ ಬರೆಸಿದ ಶಾಲೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ ನಿಜ. ಚಿಲಕವಿಲ್ಲದ ಶೌಚಾಲಯದಿಂದ ಆರನೇ ತರಗತಿಯ ಹುಡುಗಿ ಶಾಲೆ ತಪ್ಪಿಸುವುದು ಎಲ್ಲೂ ಬರುವುದಿಲ್ಲ.

ವರ್ಗಾವಣೆಗೆ ಮೊದಲೇ ತಯಾರಿ

ಇದೆಲ್ಲವೂ ಒಬ್ಬ ಮುಖ್ಯ ಶಿಕ್ಷಕರ ಉತ್ಸಾಹದ ಮೇಲೆ ನಿಂತಿದ್ದರೆ ಅವರ ವರ್ಗಾವಣೆಯ ಮರುದಿನ ಕುಸಿಯುತ್ತದೆ. ಕೌನ್ಸೆಲಿಂಗ್ ಆದೇಶ ಬಂದ ಮೇಲೆ ಬಿಡುಗಡೆಗೆ ಸಿಗುವ ಹೊತ್ತು ಕಡಿಮೆ. ಆಗ ಹಸ್ತಾಂತರವಾಗುವುದು ಬೀಗದ ಕೈ, ದಾಸ್ತಾನು ಮತ್ತು ನಗದು ಪುಸ್ತಕ. ಕೆಲಸದ ವಿಧಾನ ಹಸ್ತಾಂತರವಾಗುವುದಿಲ್ಲ.

ಹಾಗಾಗಿ ಒಂದು ತೆಳ್ಳನೆ ಫೈಲ್ ವರ್ಷವಿಡೀ ತಯಾರಿರಲಿ, ಹತ್ತು ಪುಟ ಮೀರದಂತೆ. ಅದರಲ್ಲಿ ಇರಬೇಕಾದ್ದು: ಈಗಿನ ವೇಳಾಪಟ್ಟಿ ಮತ್ತು ಅದು ಹಾಗೆ ಯಾಕೆ ಇದೆ ಎನ್ನುವ ನಾಲ್ಕು ಸಾಲು, ಕೊನೆಯ ಎರಡು ಸುತ್ತಿನ ಓದಿನ ಮಟ್ಟದ ಪಟ್ಟಿ, ತೀರ್ಮಾನಗಳ ಚಾರ್ಟ್, ಮಾಹಿತಿ ಹಾಳೆ, ಬಾಕಿ ಠರಾವುಗಳು, ಪ್ರಯತ್ನಿಸಿ ಕೈಬಿಟ್ಟ ಬದಲಾವಣೆಗಳು, ನೀರಿನ ಮೋಟರ್ ರಿಪೇರಿಯವರ ಮತ್ತು ಗ್ಯಾಸ್ ಏಜೆನ್ಸಿಯ ಫೋನ್. ಒಂದು ಪ್ರತಿ ಮುಖ್ಯ ಶಿಕ್ಷಕರಲ್ಲಿ, ಇನ್ನೊಂದು ಎಸ್‌ಡಿಎಂಸಿ ಅಧ್ಯಕ್ಷರಲ್ಲಿ. ಹೊಸಬರು ಬಂದ ಮೇಲೆ ಮೊದಲ ಆರು ವಾರ, ಅಂದರೆ ಓದಿನ ಗುಂಪುಗಳ ಒಂದು ಸುತ್ತು ಮುಗಿಯುವವರೆಗೆ, ವೇಳಾಪಟ್ಟಿಯನ್ನು ಮುಟ್ಟಬೇಡಿ ಎಂದು ಸಮಿತಿಯ ಠರಾವಿನಲ್ಲೇ ಬರೆಸಿಡಿ. ಆ ಸುತ್ತಿನ ಚೀಟಿಗಳನ್ನು ಅವರೇ ಕೈಯಾರೆ ಸರಿಸಿದ ಮೇಲೆ ಏನು ಬದಲಿಸಬೇಕೋ ಅವರು ಬದಲಿಸಲಿ.